ನೊರೆಹಾಲು

"ಹಸಿ ಹಾಲು ಕುಡಿದಿದ್ದೀಯೇನಮ್ಮ?" ರಕ್ತದ ರಿಪೋರ್ಟು ಹಿಡಿದು ನಾರಾಯಣಪೇಟೆಯ ಡಾಕ್ಟರು ತೆಲುಗಿನಲ್ಲಿ ಕೇಳಿದಾಗ ಮಲ್ಲೇಶ್ವರಿ ಗೋಡೆಯತ್ತ ಹೊರಳಿದಳು. ಏಳು ತಿಂಗಳ ಕೂಸು ಹೊಟ್ಟೆಯಲ್ಲೇ ತೀರಿಹೋಗಿತ್ತು. ಜ್ವರ ಇನ್ನೂ ಬಿಟ್ಟಿರಲಿಲ್ಲ.

"ನಾನ ಕುಡಿಸಿದ್ದೆರಿ," ಎಂದಳು ಅತ್ತೆ ಕಿಷ್ಟಮ್ಮ. "ನೊರೆಹಾಲು. ಬಸುರಿಗೆ ಚಲೋ ಅಂತ."

"ನಿಮ್ಮ ಆಕಳು ಕಂದು ಹಾಕಿತ್ತೇ?"

ಹಾಕಿತ್ತು. ಮರಿಕಲ್ ಊರಿನ ಅವರ ಕೊಟ್ಟಿಗೆಯಲ್ಲಿ ಆಕಳು ಕೆಂದಿ ದಿನ ತುಂಬುವ ಮೊದಲೇ ಸತ್ತ ಕರು ಹಾಕಿದಾಗ, ಕಿಷ್ಟಮ್ಮ ಅದನ್ನು ಹೂಳಿ ಬೀರಪ್ಪನಿಗೆ ಕೈಮುಗಿದಿದ್ದಳು. ಕರುವಿಗಿಲ್ಲದ ಹಾಲು ಮನೆಗೆ ಬರುವ ಕೂಸಿಗಾದರೂ ಸೇರಲಿ ಎಂದುಕೊಂಡಿದ್ದಳು. ದಿನಾ ಬೆಳಗ್ಗೆ ಹಿಂಡಿದ ಬಿಸುಪು ಆರುವ ಮುಂಚೆ ಲೋಟ ತಂದು, ಸೊಸೆ ಮುಖ ಸಿಂಡರಿಸಿದರೂ ಬಿಡದೆ, ತಲೆ ಸವರಿ ಕುಡಿಸಿದ್ದಳು. ಕಂದು ಹಾಕಿಸುವ ಈ ರೋಗಾಣು ದನದ ಹಾಲಿನಿಂದ ಮನುಷ್ಯರಿಗೂ ಹತ್ತುತ್ತದೆ, ಕಾಯಿಸಿದ್ದರೆ ಸಾಯುತ್ತಿತ್ತು ಎಂದರು ಡಾಕ್ಟರು. ಆಮೇಲಿನ ಮಾತು ಕಿಷ್ಟಮ್ಮನ ಕಿವಿಗೆ ಬೀಳಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನವೇ ಮಗ ಬೀರೇಶ ಆಕಳು ಮಾರಲು ಗುಂಡುಮಾಲಿನ ಮೊಗುಲಪ್ಪನನ್ನು ಕರೆತಂದ. ಕೆಂದಿ ಕಣ್ಣೆದುರಿಗೆ ಇರಬಾರದು, ಅಷ್ಟೇ ಅವನಿಗೆ. ರೋಗದ ಮಾತು ಎತ್ತಲಿಲ್ಲ. ಮೊಗುಲಪ್ಪ ಆಕಳ ಬೆನ್ನು ತಟ್ಟಿದ.

"ಮಗಳು ಚೊಚ್ಚಲ ಬಸುರಿ, ತವರಿಗೆ ಬಂದಾಳ. ಮನ್ಯಾಗ ಹಾಲು ಬೇಕಾಗೈತಿ."

ಕಿಷ್ಟಮ್ಮ ಪಕ್ಕದ ಕಂಬ ಹಿಡಿದುಕೊಂಡಳು. ಹೇಳಬೇಕು. ಹೇಳಿದರೆ, ಸೊಸೆಗೆ ಕುಡಿಸಿದವರು ಯಾರೆಂದು ಊರೆಲ್ಲ ಕೇಳುತ್ತದೆ. ಬೀರೇಶ ಹಗ್ಗ ಬಿಚ್ಚಿದ. ಅವಳು ಕಂಬ ಹಿಡಿದು ನಿಂತೇ ಇದ್ದಳು.

"ಕಾಕಾ, ಒಯ್ಯಬ್ಯಾಡ್ರಿ." ಮಲ್ಲೇಶ್ವರಿ ಗೋಡೆ ಹಿಡಿದುಕೊಂಡು ಹೊಸ್ತಿಲಿಗೆ ಬಂದಿದ್ದಳು. "ಆಕಳಿಗೆ ರೋಗ ಐತಿ. ಇದರ ಹಸಿ ಹಾಲು ಕುಡದು ಕೂಸು ಕಳಕೊಂಡೀನಿ."

"ಅಯ್ಯೋ ಶಿವನೇ! ಹಸೀದು ಯಾರು ಕೊಟ್ಟರವ್ವಾ ನಿನಗ?"

ಕಿಷ್ಟಮ್ಮ ಕಣ್ಣು ಮುಚ್ಚಿದಳು.

"ಯಾರೂ ಕೊಡಲಿಲ್ರಿ. ನಾನ ಕುಡದೆ."

ಮೊಗುಲಪ್ಪ ಧೋತರಕ್ಕೆ ಕೈ ಒರೆಸಿಕೊಂಡು, ಬೀರೇಶನನ್ನು ಒಮ್ಮೆ ನೋಡಿ ಹೊರಟುಹೋದ. ಬೀರೇಶ ಹಗ್ಗವನ್ನು ಮತ್ತೆ ಗೂಟಕ್ಕೆ ಸುತ್ತಿದ. ತಲೆ ತಗ್ಗಿಸಿ ಅಂಗಳ ದಾಟಿದ.

ಮಲ್ಲೇಶ್ವರಿ ಹೊಸ್ತಿಲ ಮೇಲೇ ಕುಸಿದು ಕುಳಿತಳು. ಕಿಷ್ಟಮ್ಮ ಹತ್ತಿರ ಹೋದಳು. ಸೊಸೆಯ ರವಿಕೆ ಎದೆಯ ಬಳಿ ಒದ್ದೆಯಾಗಿತ್ತು. ಒದ್ದೆ ಮೆಲ್ಲಗೆ ಹರಡುತ್ತಿತ್ತು. ಮಲ್ಲೇಶ್ವರಿ ಅದನ್ನು ಇನ್ನೂ ಕಂಡಿರಲಿಲ್ಲ.

ಕಿಷ್ಟಮ್ಮ ಬಗ್ಗಿ, ಅವಳ ಸೆರಗು ಎಳೆದು ಎದೆಯ ಮೇಲೆ ಹೊದಿಸಿದಳು.