ನೀನು ಮುಂದೆ ಹೋಗು

ಇದನ್ನು ಬರೆಯುವ ಯೋಗ್ಯತೆ ನನಗಿದೆಯೇ ಎಂಬ ಅಳುಕು ಈಗಲೂ ಇದೆ. ನಾನು ಹಗಲಲ್ಲಿ ಕನ್ನಡಕದ ಅಂಗಡಿಯಲ್ಲಿ ಗಾಜು ತಿಕ್ಕಿ ಫ್ರೇಮಿಗೆ ಕೂರಿಸುವವಳು, ಸಂಜೆ ತರಗತಿಯಲ್ಲಿ ಎರಡು ವರ್ಷ ಜಪಾನಿ ಕಲಿತವಳು, ಅಷ್ಟೇ. ತಪ್ಪಿದ್ದರೆ ಮನ್ನಿಸಬೇಕು.

ತರಗತಿಗೆ ಮೊದಲು ಸೇರಿದ್ದು ನನ್ನ ತಮ್ಮ. ಹೃದಯದ ಕಾಯಿಲೆ ಹೆಚ್ಚಾಗಿ ಮೆಟ್ಟಿಲು ಹತ್ತಲಾಗದೆ ಹೋದಾಗ ಅವನ ಜಾಗದಲ್ಲಿ ನಾನು ಹೋಗತೊಡಗಿದೆ, ಬಂದು ಹೇಳಿಕೊಡೋಣವೆಂದು. ಆದರೆ ಅವನೇ ನನಗಿಂತ ಮುಂದಿದ್ದ. ಮಂಚದ ತುಂಬ ಮಾಂಗಾ ಎಂಬ ಜಪಾನಿ ಚಿತ್ರಕಥೆ ಪುಸ್ತಕ, ಫೋನಿನಲ್ಲಿ ಅನಿಮೆ ಕಾರ್ಟೂನು. ಹಿಡಿಸಿದ ಮಾತುಗಳನ್ನು ಮಾತ್ರೆಯ ಖಾಲಿ ರಟ್ಟಿನ ಡಬ್ಬಿಗಳ ಒಳಬದಿಯಲ್ಲಿ ಬರೆದು ಬಾಯಿಪಾಠ ಮಾಡುತ್ತಿದ್ದ. ನೀರು ಬೇಕಾದಾಗಲೂ, "ನಾನು ಇಲ್ಲಿ ಸಾಯುವವನಲ್ಲ" ಎಂದು ಜಪಾನಿಯಲ್ಲಿ ಗುಡುಗುವನು.

ತರಗತಿಯಲ್ಲಿ ಇದನ್ನು ಹೇಳಿದಾಗ ನಮ್ಮ ಟೀಚರ್ ನಕ್ಕರು. "ಜಪಾನಲ್ಲಿ ಅಂಗಡಿಗೆ ಹೋಗಿ ಹಾಗೆಲ್ಲ ಮಾತಾಡಿದ್ರೆ ಪೊಲೀಸರನ್ನ ಕರೀತಾರೆ ಅಂತ ಹೇಳಿ ಅವನಿಗೆ."

ಮನೆಯಲ್ಲಿ ಇದ್ದದ್ದು ನಾವಿಬ್ಬರೇ, ಒಂದು ಕಟ್ಟಳೆ ಮಾಡಿಕೊಂಡಿದ್ದೆವು. ಬೆಳಗ್ಗೆ ಎದ್ದ ಮೇಲೆ ಯಾರ ಬಾಯಿಂದ ಮೊದಲು ಕನ್ನಡ ಬರುತ್ತದೋ ಅವರೇ ಪಾತ್ರೆ ತೊಳೆಯಬೇಕು. ಅವನು ಒಮ್ಮೆಯೂ ಸೋಲಲಿಲ್ಲ. ಸೋತಿದ್ದರೂ ನಾನು ಅವನನ್ನು ಸಿಂಕಿನ ಬಳಿ ನಿಲ್ಲಲು ಬಿಡುತ್ತಿರಲಿಲ್ಲ, ಡಾಕ್ಟರು ಬೇಡವೆಂದಿದ್ದರು.

ನನ್ನ ಜಪಾನಿ ಪರೀಕ್ಷೆ ಒಂದು ಭಾನುವಾರ ಬೆಳಗ್ಗೆ ಇತ್ತು. ಆ ದಿನ ಅವನ ತುಟಿ ಎಂದಿಗಿಂತ ಸ್ವಲ್ಪ ನೀಲಿಯಾಗಿ ಕಂಡಿತು. ಹೋಗಲೋ ಬೇಡವೋ ಎಂದು ಬಾಗಿಲಲ್ಲೇ ನಿಂತೆ. ದಿಂಬಿಗೆ ಒರಗಿದ್ದವನು, "ಸಾಕಿ ನಿ ಇಕೆ" ಎಂದ. ನೀನು ಮುಂದೆ ಹೋಗು. ಅವನ ಪುಸ್ತಕಗಳಲ್ಲಿ ಗಾಯಗೊಂಡವನು ಶತ್ರುವನ್ನು ತಾನೊಬ್ಬನೇ ತಡೆದು, ಜೊತೆಯವರನ್ನು ಕಳಿಸುವಾಗ ಆಡುವ ಮಾತು ಅದು. ಹಾಗೆಂದವನು ಸಾಮಾನ್ಯವಾಗಿ ತಿರುಗಿ ಬರುವುದಿಲ್ಲ. ಆದರೆ ನಾನು ತರಗತಿಗೆ ಹೊರಟಾಗಲೆಲ್ಲ ಅವನು ಹೇಳುತ್ತಿದ್ದದ್ದೂ ಅದನ್ನೇ.

"ನಾಟಕ ಸಾಕು ಕಣೋ. ನಿಜ ಹೇಳು, ಸುಸ್ತಾಗ್ತಿದ್ಯಾ?" ಎಂದೆ.

ಅವನು ನಗುತ್ತಾ ಸಿಂಕಿನ ಕಡೆ ಬೆರಳು ತೋರಿಸಿದ. ಕನ್ನಡ ಆಡಿ ನಾನು ಸೋತಿದ್ದೆ. ನನಗೂ ನಗು ಬಂತು. ಉತ್ತರಕ್ಕೆ ಕಾಯದೆ ಹೊರಟೆ.

ಮಧ್ಯಾಹ್ನ ಬಂದಾಗ ಅವನು ಸಿಂಕಿನ ಕೆಳಗೆ ಗೋಡೆಗೆ ಒರಗಿ ಕೂತಿದ್ದ. ಮೈ ತಣ್ಣಗಾಗಿತ್ತು. ನಾನು ತೊಳೆಯಬೇಕಿದ್ದ ಪಾತ್ರೆಗಳನ್ನೆಲ್ಲ ತೊಳೆದು ಬೋರಲು ಹಾಕಿದ್ದ. ಒಂದು ಲೋಟದಲ್ಲಿ ಮಾತ್ರ ಸೋಪಿನ ನೊರೆ ಒಣಗಿತ್ತು.

ಪರೀಕ್ಷೆಯಲ್ಲಿ ಪಾಸಾದೆ.

ಎದ್ದು ನಿಂತು ಪಾತ್ರೆ ತೊಳೆದನೆಂದರೆ ಬೆಳಗ್ಗೆ ಚೆನ್ನಾಗಿಯೇ ಇದ್ದಿರಬೇಕು, ಆ ಮಾತು ತಮಾಷೆಯದೇ ಎಂದು ಚಿಕ್ಕಮ್ಮ ಸಮಾಧಾನ ಹೇಳುತ್ತಾರೆ. ಇರಬಹುದು. ಗೊತ್ತಿದ್ದೇ ನನ್ನನ್ನು ಕಳಿಸಿ, ಗೊತ್ತಿದ್ದೇ ತೊಳೆದಿರಲೂಬಹುದು. ಅವನು ಬರೆದಿಟ್ಟಿದ್ದ ಮಾತ್ರೆ ಡಬ್ಬಿಗಳನ್ನೆಲ್ಲ ಬಿಡಿಸಿ ಓದಿದೆ. ಯಾವುದು ನಿಜವೆಂದು ನನಗೆ ಗೊತ್ತಿಲ್ಲ.