ಸೊಸೆ ಹೊರಬೇಕಾದ ಪಡ್ಲಿಗಿ

ರೂತಮ್ಮ ಮನೆ ಬಿಡುವಾಗಲೇ ಅತ್ತೆಗೆ ಹೇಳಿದ್ದಳು. "ಜೋಡಿಲೆ ಬರತೀನ್ರಿ ಅತ್ತಿ, ಕೈ ಹಿಡ್ಕೊಂತೀನಿ. ಪಡ್ಲಿಗಿ ಮಾತ್ರ ಹೊರಂಗಿಲ್ಲ, ಅದರಾಗಿಂದು ತಿನ್ನಂಗಿಲ್ಲ."

"ಅಲ್ಲಿಗಿ ಹೋದಮ್ಯಾಲೆ ನೋಡೂಣು," ಎಂದಿದ್ದಳು ಫಕೀರಮ್ಮ.

ಬೇಸಿಗೆಯಲ್ಲಿ ಮಗ ಓಬಳೆಪ್ಪ ಜ್ವರದಿಂದ ಮಲಗಿ ಬದುಕುವುದೇ ಅನುಮಾನವಾದಾಗ ಮುದುಕಿ ಎರಡು ಕಡೆ ಹರಕೆ ಹೊತ್ತಿದ್ದಳು. ಕೊಪ್ಪಳದ ದರ್ಗಾಕ್ಕೆ ಸಕ್ಕರೆ, ಹುಲಿಗೆಮ್ಮನಿಗೆ ಪಡ್ಲಿಗಿ. ಸಕ್ಕರೆಯದು ಸುಲಭ. ಪಡ್ಲಿಗಿಯದು ಹಾಗಲ್ಲ. ಬಿದಿರಿನ ಅಗಲ ಬುಟ್ಟಿಯ ತುಂಬ ಹೋಳಿಗೆ, ಪಲ್ಯ, ಅನ್ನ ಇಟ್ಟು ಮನೆಯ ಸೊಸೆಯೇ ತಲೆಯ ಮೇಲೆ ಹೊತ್ತು ತಾಯಿಯ ಮುಂದೆ ಇಳಿಸಬೇಕು. ಅಲ್ಲಿಯ ಜೋಗಮ್ಮ ಮೊದಲ ತುತ್ತು ಮುರಿದು ಹೊತ್ತವಳಿಗೆ ಕೊಡುತ್ತಾಳೆ. ಅವಳು ತಿಂದರೆ ಹರಕೆ ಮುಗಿಯಿತು, ಇಲ್ಲದಿದ್ದರೆ ಇಲ್ಲ. ಫಕೀರಮ್ಮನ ಮನೆತನದಲ್ಲಿ ಹಾಗೇ ನಡೆದು ಬಂದಿತ್ತು.

ಆದರೆ ಈ ಮನೆಯ ಸೊಸೆ ಹೋದ ವರ್ಷ ಗಂಡನೊಡನೆ ದೀಕ್ಷಾಸ್ನಾನ ಪಡೆದು, ಹುಲಿಗವ್ವ ಎಂಬ ಹೆಸರು ಬಿಟ್ಟು ರೂತಮ್ಮ ಆಗಿದ್ದಳು. ಬರುವ ಭಾನುವಾರ ಅವಳಿಗೆ ಮೊದಲ ಸಲ ಪ್ರಭುಭೋಜನದ ರೊಟ್ಟಿ ಸಿಗಬೇಕಿತ್ತು. ಬೇರೆ ದೇವರಿಗೆ ಇಟ್ಟದ್ದನ್ನು ತಿಂದವರಿಗೆ ಅದು ಇಲ್ಲವೆಂದು ಸಭೆಯ ಅಯ್ಯಗಳು ಖಡಾಖಂಡಿತವಾಗಿ ಹೇಳಿದ್ದರು. ಓಬಳೆಪ್ಪನಂತೂ "ನನ್ನ ಉಳಿಸಿದ್ದು ದವಾಖಾನಿ ಗುಳಿಗಿ" ಎಂದು ಗೋಡೆಯ ಕಡೆ ಹೊರಳಿ ಮಲಗಿಬಿಟ್ಟ. ಮುದುಕಿ ಬುಟ್ಟಿ ಎತ್ತಿಕೊಂಡು ಒಬ್ಬಳೇ ಹೊರಟಳು. ಒಬ್ಬಳನ್ನೇ ಬಿಡುವುದು ಹೇಗೆ?

ಪುಷ್ಯ ಮಳೆ ಹಿಡಿದುಕೊಂಡಿತ್ತು. ಭೋರ್ಗರೆದು ಸುರಿದು ಸುಮ್ಮನಾಗುವ ಮಳೆಯಲ್ಲ. ಜಿಟಿಜಿಟಿ, ಬೇಸರವಿಲ್ಲದೆ ಸುರಿಯುವುದು. ಊರಿನ ಚಕ್ಕಡಿಯೊಂದು ಅವರನ್ನು ಕೊಪ್ಪಳದವರೆಗೆ ತಂದು ಬಿಟ್ಟಿತು. ದರ್ಗಾದಲ್ಲಿ ಮುದುಕಿ ಒಳಗೆ ಹೋದಳು, ರೂತಮ್ಮ ಹೊರಗೆ ಬೇವಿನ ಮರದ ಕೆಳಗೆ ನಿಂತಳು.

ದರ್ಗಾ ನೋಡಿಕೊಳ್ಳುವ ನಜೀರಸಾಬ ಹೊರಗೆ ಇಣುಕಿದ. "ಒಳಗ ಬಾರವ್ವ, ತೊಯ್ಯಾಕ ಹತ್ತೀಯಲ್ಲ."

"ನಾವು ಕ್ರಿಸ್ತಾನರ ಅದೀವ್ರಿ."

"ಅದಕ್ಕೇನಾತು? ನಿಮ್ಮ ದೇವರು ಆ ಗಿಡದ ಮ್ಯಾಲೆ ಕುಂತು ಛತ್ರಿ ಹಿಡೀತಾನೇನು? ಬಾ, ಕಟ್ಟಿ ಮ್ಯಾಲೆ ನಿಂದ್ರು. ಕಟ್ಟಿಗೆ ಯಾವ ಜಾತಿನೂ ಇಲ್ಲ."

ಅವಳು ಕಟ್ಟೆ ಹತ್ತಿ ನಿಂತಳು. ಅಷ್ಟಕ್ಕೇ ಮನಸ್ಸು ಕಸಿವಿಸಿಯಾಯಿತು. ದಾರಿಗೆಂದು ಕಟ್ಟಿಕೊಂಡಿದ್ದ ಸಜ್ಜೆ ರೊಟ್ಟಿ ಬಿಚ್ಚಿ ನೋಡಿದರೆ ನೆನೆದು ಹಿಟ್ಟಾಗಿತ್ತು. ನಾಯಿಗೆ ಹಾಕಿದಳು.

ಅಲ್ಲಿಂದ ಮುಂದೆ ಕಾಲ್ನಡಿಗೆಯಲ್ಲೇ ಗಿಣಿಗೇರಿ ದಾಟಿದರು. ಬುಟ್ಟಿಗೆ ತಟ್ಟಿನ ಚೀಲ ಮುಚ್ಚಿ ಮುದುಕಿಯೇ ಹೊತ್ತಿದ್ದಳು. ಹೆಜ್ಜೆಗೊಮ್ಮೆ ಕೆಸರು ಕಾಲು ಕಚ್ಚುತ್ತಿತ್ತು. ಒಂದು ಹಳ್ಳದ ದಂಡೆಯಲ್ಲಿ ಮುದುಕಿ ಜಾರಿ ಕೂತಳು. ಬುಟ್ಟಿಯನ್ನು ಮಾತ್ರ ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿದಿದ್ದಳು. ಪಾದ ಉಳುಕಿತ್ತು.

"ಹುಲಿಗವ್ವ, ಇನ್ನರ ಇದನ್ನ ತಲಿಮ್ಯಾಲೆ ಇಟ್ಕೊ. ನಾ ಕುಂಟಿಕೋಂತ ಬರತೀನಿ."

"ಒಲ್ಲೆರಿ."

"ನಿನ್ನ ಗಂಡನ ಜೀವದ್ದು ಇದು."

"ಗೊತ್ತೈತ್ರಿ. ನೀವು ನನ್ನ ಬೆನ್ನಮ್ಯಾಲೆ ಹತ್ತರಿ."

ಮುದುಕಿ ಬಹಳ ಹೊತ್ತು ಬೈದಳು. ಸೊಸೆಯ ಹೆತ್ತವರನ್ನು, ಸಭೆಯ ಅಯ್ಯಗಳನ್ನು, ಮಳೆಯನ್ನು. ಕೊನೆಗೆ ಹತ್ತಿದಳು. ಹಗುರವಾಗಿದ್ದಳು, ಆದರೆ ದಾರಿ ಸಾಗಿದಂತೆ ಭಾರವಾಗುತ್ತ ಹೋದಳು. ಒಂದು ಕೈಯಿಂದ ಸೊಸೆಯ ಕೊರಳು, ಇನ್ನೊಂದರಿಂದ ತನ್ನ ತಲೆಯ ಮೇಲಿನ ಬುಟ್ಟಿ ಹಿಡಿದಿದ್ದಳು. ಎದುರಿಗೆ ಬಂದ ಕುರಿಗಾರನೊಬ್ಬ ಕಂಬಳಿಯೊಳಗಿಂದ ನೋಡಿ, "ಯಾರು ಯಾರಿಗೆ ಹರಕಿ ಹೊತ್ತೀರಬೇ?" ಎಂದ. ರೂತಮ್ಮ ಮುದುಕಿಯನ್ನು ಬೆನ್ನ ಮೇಲಕ್ಕೆ ಸರಿಸಿಕೊಂಡು ಮುಂದೆ ನಡೆದಳು.

ಹುಲಿಗೆಮ್ಮನ ಊರು ಹುಲಿಗಿ ಮುಟ್ಟುವ ಹೊತ್ತಿಗೆ ಹೊಳೆ ಕೆಂಪಾಗಿ ಹರಿಯುತ್ತಿತ್ತು. ಗುಡಿಯ ಮುಂದೆ ಜನವೇ ಇರಲಿಲ್ಲ. ಮುದುಕಿ ಕುಂಟುತ್ತ ಹೋಗಿ ತಾಯಿಯ ಮುಂದೆ ಬುಟ್ಟಿ ಇಳಿಸಿ, ಮತ್ತೆ ಎತ್ತಿಕೊಂಡು ಬಂದಳು. ಕಲ್ಲುಕಂಬಗಳ ಸಾಲುಮಂಟಪದಡಿ ಪಾರಮ್ಮ ಎಂಬ ಜೋಗಮ್ಮ ಮುದುರಿ ಕೂತಿದ್ದಳು. ಬುಟ್ಟಿ ನೋಡಿದ್ದೇ ತಡ ನೆಟ್ಟಗೆ ಕೂತಳು.

"ಯಾರು ಹೊತ್ತು ತಂದ್ರಿ?"

"ಇದನ್ನ ನಾ ಹೊತ್ತೀನಿ. ನನ್ನ ಇಕಿ ಹೊತ್ತಾಳ," ಎಂದಳು ಫಕೀರಮ್ಮ.

ಪಾರಮ್ಮ ರೂತಮ್ಮನ ಕೆಸರು ಮೆತ್ತಿದ ಕಾಲು ನೋಡಿದಳು. "ಹಂಗಾದ್ರ ಭಾರೆಲ್ಲ ಇಕಿದ ಆತಲ್ಲ. ಹೊತ್ತಾಕಿ ಇಕಿನ." ಹೋಳಿಗೆ ಮುರಿದು ಚಾಚಿದಳು. "ತಿನ್ನು ತಂಗಿ, ಮಾರಿ ಬಾಡೈತಿ."

ಬೆಲ್ಲದ ವಾಸನೆಗೆ ರೂತಮ್ಮನ ಬಾಯಲ್ಲಿ ನೀರೂರಿತು. ಕೈ ಮೇಲೇಳಲಿಲ್ಲ. ಅತ್ತೆಯ ಕಡೆ ನೋಡಿದಳು. ತಿಂದರೆ ಭಾನುವಾರ ಹೋಯಿತು. ತಿನ್ನದಿದ್ದರೆ, ಮಗನಿಗೆ ಒಂದು ಸೀನು ಬಂದರೂ ಈ ಮುದುಕಿ ಜೀವ ಕೈಯಲ್ಲಿ ಹಿಡಿದು ಕೂರುತ್ತಾಳೆ.

ಫಕೀರಮ್ಮ ಕೈ ಚಾಚಿ ಆ ತುತ್ತನ್ನು ತಾನೇ ಇಸಿದುಕೊಂಡು ಬಾಯಿಗೆ ಹಾಕಿಕೊಂಡಳು.

"ಅಯ್ಯ, ಹೊತ್ತಾಕಿ ತಿನ್ನಬೇಕಲ್ಲಬೇ. ಇಲ್ಲಂದ್ರ ಮುಗ್ಯಂಗಿಲ್ಲ."

"ಮುಗೀದಿದ್ರ ಉಳೀಲಿ," ಎಂದಳು ಫಕೀರಮ್ಮ, ನಿಧಾನವಾಗಿ ಜಗಿಯುತ್ತ. "ಇಕಿ ಆದಿತ್ಯವಾರ ಬ್ಯಾರೆ ಕಡೆ ಉಣ್ಣಾಕಿ ಅದಾಳ. ಬಾಕಿ ನನ್ನ ಮ್ಯಾಲೆ ಇರಲಿ, ಮಗನ ಮ್ಯಾಲೆ ಬ್ಯಾಡ. ಅವ್ವಗ ನಾನ ಹೇಳ್ಕೊಂತೀನಿ."

ಪಾರಮ್ಮ ಬುಟ್ಟಿಯನ್ನು ಹತ್ತಿರ ಎಳೆದುಕೊಂಡು ಉಣ್ಣತೊಡಗಿದಳು. ಅವಳಿಗೂ ಹಸಿವಾಗಿತ್ತು.

ಅತ್ತೆ ಸೊಸೆ ಕಂಬಕ್ಕೆ ಒರಗಿ ಕೂತರು. ಫಕೀರಮ್ಮ ಕೇಳಿದಳು, "ನಿಮ್ಮ ಆದಿತ್ಯವಾರದ ರೊಟ್ಟಿ ನನಗ ಕೊಡ್ತಾರೇನು?"

"ಇಲ್ರಿ ಅತ್ತಿ. ದೀಕ್ಷಾದ ನೀರು ಹಾಕಿಸ್ಕೊಂಡವರಿಗಷ್ಟ."

"ಇವತ್ತು ಬಿದ್ದ ನೀರು ಸಾಲಂಗಿಲ್ಲೇನು?"

ರೂತಮ್ಮನಿಗೆ ನಗಲು ತ್ರಾಣವಿರಲಿಲ್ಲ. ಅತ್ತೆಯ ಸೆರಗು ಹಿಂಡಿ, ಬಾತ ಪಾದವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡಳು.

"ಮಳಿ ನಿಂತಮ್ಯಾಲೆ ಹೋಗೂಣ್ರಿ."

"ಇದು ನಿಲ್ಲೂ ಮಳಿ ಅಲ್ಲ," ಎಂದಳು ಮುದುಕಿ. ಹಾಗೆಂದು ಅಲ್ಲಿಂದ ಅವಳೂ ಏಳಲಿಲ್ಲ.