ಕ್ಯಾತಣ್ಣನೆಂಬ ಬ್ರೇಕು

ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ಓಡುತ್ತಿದ್ದ ನಮ್ಮ ಮೋಟಾರಿಗೆ ಬ್ರೇಕೇ ಇರಲಿಲ್ಲ ಅಂತ ಯಾರಾದರೂ ಅಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಇತ್ತು ಕಣ್ರಿ. ಅದಕ್ಕೊಂದು ಹೆಸರಿತ್ತು, ಒಬ್ಬಳು ಹೆಂಡತಿಯಿದ್ದಳು, ಮಧ್ಯಾಹ್ನಕ್ಕೆ ಎರಡು ಮುದ್ದೆ ಉಣ್ಣುತ್ತಿತ್ತು. ಕ್ಯಾತಣ್ಣ ಅಂತ.

ನಾನು ಡ್ರೈವರ್ ಮರುಳಪ್ಪ. ಇದು ಸಾವಿರದ ಒಂಬೈನೂರ ಇಪ್ಪತ್ತಾರು, ಇಪ್ಪತ್ತೇಳನೇ ಇಸವಿಯ ಮಾತು. ಮೋಟಾರಿನ ಸದ್ದು ಕೇಳಿದರೆ ಜನ ಕಳೆ ಕೀಳುವುದನ್ನು ಬಿಟ್ಟು ರಸ್ತೆಗೆ ಬಂದು ನಿಲ್ಲುತ್ತಿದ್ದ ಕಾಲ. ನಮ್ಮ ಮಾಲೀಕರು ಶಿವಮೂರ್ತಪ್ಪನವರು ಎಲ್ಲೆಲ್ಲೋ ಓಡಿ ಸವೆದಿದ್ದ ಗಾಡಿಯೊಂದನ್ನು ತಂದು, ಬಣ್ಣ ಬಳಿಸಿ, ಮುಂದೆ ಬಾಳೆಕಂದು ಕಟ್ಟಿ ರಸ್ತೆಗಿಳಿಸಿದ್ದರು. ಬಣ್ಣವೇನೋ ಚೆನ್ನಾಗಿತ್ತು. ಬ್ರೇಕಿನ ಪೆಡಲು ತುಳಿದರೆ ಮಾತ್ರ ಹತ್ತಿಮೂಟೆ ತುಳಿದ ಹಾಗೆ ಮೆತ್ತಗೆ ಒಳಗೆ ಹೋಗುತ್ತಿತ್ತು, ಗಾಡಿ ತನ್ನ ಪಾಡಿಗೆ ತಾನು ಮುಂದೆ ಹೋಗುತ್ತಿತ್ತು. ಮಾಲೀಕರಿಗೆ ಹೇಳಿದೆ. "ಮದ್ರಾಸಿಂದ ಸಾಮಾನು ಬರ್ಬೇಕು ಮರುಳಪ್ಪ, ಅಲ್ಲೀತನಕ ಹೆಂಗೋ ಸುಧಾರಿಸು" ಅಂದರು. ಸುಧಾರಿಸುವುದಕ್ಕೆ ಅಂತ ಕ್ಯಾತಣ್ಣನನ್ನು ಕೊಟ್ಟರು.

ಅವನು ತಳಕಿನ ಹತ್ತಿರದ ಗೊಲ್ಲರಹಟ್ಟಿಯವನು. ಕುರಿ ಹಿಂದೆ ಓಡಿ ಓಡಿ ಪಳಗಿದ ಕಾಲು. ಹಿಂದಿನ ಚಕ್ರಕ್ಕೆ ಸ್ವಲ್ಪ ಮುಂದೆ, ಗಾಡಿಯ ಪಕ್ಕದ ಮೆಟ್ಟಿಲ ಮೇಲೆ ಜಾಲಿಮರದ ದಿಮ್ಮಿ ಹಿಡಿದು ನಿಲ್ಲುವುದೇ ಅವನ ಕೆಲಸ. ನಾನು ಗೇರು ಇಳಿಸಿ ವೇಗ ಕುಗ್ಗಿಸಿ ಹಾರನ್ನು ಎರಡು ಸಲ ಒತ್ತಿದೆನೋ, ಅವನು ಹಾರಿ, ಗಾಡಿಯ ಜೊತೆ ನಾಲ್ಕು ಹೆಜ್ಜೆ ಓಡಿ, ಚಕ್ರದ ಮುಂದೆ ದಿಮ್ಮಿ ಇಟ್ಟು ಕೈ ಎಳೆದುಕೊಳ್ಳುತ್ತಿದ್ದ. ಗಾಡಿ ಒಂದು ಸಲ ಕುಲುಕಿ ನಿಲ್ಲುತ್ತಿತ್ತು. ಒಳಗೆ ಕೂತವರು ಭಲೇ ಭಲೇ ಅನ್ನುತ್ತಿದ್ದರು. ಅವನೂ ಕಡಿಮೆಯಿರಲಿಲ್ಲ. "ಓಡ್ಸೋದು ಯಾವನಾದ್ರೂ ಓಡಿಸ್ತಾನೆ, ನಿಲ್ಸೋನು ನಾನು ಕಣಲೇ" ಅಂತ ನನ್ನನ್ನೇ ಕಿಚಾಯಿಸುತ್ತಿದ್ದ. ಎರಡು ವರ್ಷ ಹೀಗೇ ನಡೆಯಿತು.

ಆಮೇಲೆ ಸರ್ಕಾರದಿಂದ ತಪಾಸಣೆಗೆ ಒಬ್ಬ ಸಾಹೇಬರು ಬಂದರು. ಅವರು ನೋಡಿ, ಸರಿಯಿದೆ ಅಂತ ಕಾಗದ ಬರೆದುಕೊಟ್ಟರೆ ಮಾತ್ರ ಮೋಟಾರು ಓಡಬೇಕು. ಮಾಲೀಕರು ನನ್ನನ್ನು ಪಕ್ಕಕ್ಕೆ ಕರೆದು, "ಪೆಡಲು ಜೋರಾಗಿ ತುಳಿ. ಹಾರನ್ ಮರೀಬೇಡ" ಅಂದರು. ನಾನು ಹೂಂ ಅಂದೆ. ಆಗಲ್ಲ ಅನ್ನಬಹುದಿತ್ತು, ಅನ್ನಲಿಲ್ಲ.

ಚಳ್ಳಕೆರೆ ಸಂತೆ ಮೈದಾನದಲ್ಲಿ ತಪಾಸಣೆ. ಸಾಹೇಬರು ನನ್ನ ಪಕ್ಕ ಕೂತು ನನ್ನ ಕಾಲನ್ನೇ ನೋಡುತ್ತಿದ್ದರು. ಗಾಡಿ ಸ್ವಲ್ಪ ದೂರ ಹೋದ ಮೇಲೆ "ನಿಲ್ಲಿಸು" ಅಂದರು. ನಾನು ಪೆಡಲು ತುಳಿದೆ, ಹಲ್ಲು ಕಚ್ಚಿಕೊಂಡು ತುಳಿದ ಹಾಗೆ ಮುಖ ಮಾಡಿದೆ, ಹಾರನ್ನು ಎರಡು ಸಲ ಒತ್ತಿದೆ. ಗಾಡಿ ಗಕ್ಕನೆ ನಿಂತಿತು. ಸಾಹೇಬರಿಗೆ ಖುಷಿಯಾಯಿತು. "ಪರವಾಗಿಲ್ಲ, ಬ್ರೇಕು ಚೆನ್ನಾಗಿದೆ" ಅಂದು ಕೆಳಗಿಳಿದು ಪೆನ್ನು ತೆಗೆದರು.

ಅಷ್ಟರಲ್ಲಿ ಬೇವಿನ ಮರದ ಕೆಳಗಿಂದ ಒಬ್ಬ ಹೆಂಗಸು ಬಿರಬಿರನೆ ಬಂದಳು. ಕ್ಯಾತಣ್ಣನ ಹೆಂಡತಿ ಕರಿಯಕ್ಕ. ಉಣ್ಣೆ ಮಾರಲು ಸಂತೆಗೆ ಬಂದಿದ್ದಾಳೆ ಅಂದುಕೊಂಡಿದ್ದೆ.

"ಸ್ವಾಮಿ, ಅದು ಬ್ರೇಕಲ್ಲ" ಅಂದಳು. "ಅದು ನನ್ ಗಂಡ."

ಸಾಹೇಬರಿಗೆ ಅರ್ಥವಾಗಲಿಲ್ಲ. "ಯಾರಮ್ಮ ನಿನ್ನ ಗಂಡ? ಹೆಸರೇನು?" ಅಂದರು. ಗಂಡನ ಹೆಸರು ಬಾಯಲ್ಲಿ ತರುವವಳಲ್ಲ ಅವಳು. ಗಾಡಿಯ ಹಿಂದೆ ಹೋಗಿ, ದಿಮ್ಮಿ ಸಮೇತ ಅವನನ್ನು ಕೈಹಿಡಿದು ಎಳೆದುಕೊಂಡು ಬಂದು ನಿಲ್ಲಿಸಿದಳು. ನಿಂತಲ್ಲೇ ಬಗ್ಗಿ ಅವನ ಬಲಗಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚತೊಡಗಿದಳು.

"ಸುಮ್ಕಿರೇ, ಬಿಡೇ" ಅಂತ ಕ್ಯಾತಣ್ಣ ಕಾಲು ಕೊಡವಿದ. ಅವಳು ಬಿಡಲಿಲ್ಲ. ಎರಡು ಬೆರಳು ಜಜ್ಜಿ ಕಪ್ಪಾಗಿ ಊದಿಕೊಂಡಿದ್ದವು.

"ಚಕ್ರ ಹತ್ತಿ ಹದಿನೈದು ದಿನ ಆತು ಸ್ವಾಮಿ. ಬೆಳಿಗ್ಗೆ ಎದ್ರೆ ಗ್ವಾಡೆ ಹಿಡ್ಕಂಡು ನಿಲ್ತಾನೆ. ಆಮೇಲೆ ಬಂದು ಇದರ ಜೊತೆ ಓಡ್ತಾನೆ. ಮೊಳಕಾಲ್ಮುರು ಇಳಿಜಾರಾಗೆ ಇವನು ಮುಗ್ಗರಿಸಿದ್ರೆ ಇವನ ಗತಿ ಏನು? ಒಳಗೆ ಮಕ್ಕಳುಮರಿ ಕಟ್ಕಂಡು ಕುಂತಿರ್ತಾರಲ್ಲ, ಅವರ ಗತಿ ಏನು?"

ನನಗೆ ಮುಖದ ಮೇಲೆ ಹೊಡೆದ ಹಾಗಾಯಿತು. ಹದಿನೈದು ದಿನದಲ್ಲಿ ಎಷ್ಟು ಸಲ ಹಾರನ್ನು ಒತ್ತಿದ್ದೆನೋ. ಒತ್ತಿದೆ, ಗಾಡಿ ನಿಂತಿತು, ಮುಗಿಯಿತು. ಅವನು ಕುಂಟುತ್ತಿದ್ದುದನ್ನು ನಾನು ನೋಡಿಯೇ ಇರಲಿಲ್ಲ.

"ಏನಿಲ್ಲ ಸ್ವಾಮಿ, ಹೆಂಗಸರ ಮಾತು" ಅಂದ ಕ್ಯಾತಣ್ಣ. "ಎರಡು ವರ್ಷದಾಗೆ ಒಂದ್ಸಲನೂ ತಪ್ಪಿಲ್ಲ ನಾನು."

"ತಪ್ಪಿದರೆ?" ಅಂದರು ಸಾಹೇಬರು.

ಅವನು ನನ್ನ ಮುಖ ನೋಡಿದ. ನಾನು ಮಾಲೀಕರ ಮುಖ ನೋಡಿದೆ. ಮಾಲೀಕರು ಗಾಡಿಯ ಬಣ್ಣ ನೋಡುತ್ತಿದ್ದರು.

ಸಾಹೇಬರು ಬೈಯಲಿಲ್ಲ. ಪೆನ್ನನ್ನು ಜೇಬಿಗಿಟ್ಟು, "ನೀನು ಒಳಗೆ ಹತ್ತಪ್ಪ, ನನ್ನ ಹಿಂದಿನ ಸೀಟಿನಲ್ಲಿ ಕೂತ್ಕೋ. ಆ ಮರದ ತುಂಡು ಇಲ್ಲೇ ಇರಲಿ" ಅಂದರು. ಊರಾಚೆ ಹಳ್ಳಕ್ಕೆ ಇಳಿಯುವ ಸಣ್ಣ ಇಳಿಜಾರಿತ್ತು. ಕೆಳಗೆ ಮೊಣಕಾಲುದ್ದ ಮರಳು. ಅಲ್ಲಿಗೆ ನಡೆಸು ಅಂದರು. ಎರಡು ವರ್ಷದಲ್ಲಿ ಕ್ಯಾತಣ್ಣ ಆ ಮೋಟಾರಿನೊಳಗೆ ಕೂತದ್ದು ಅದೇ ಮೊದಲು. ಸೀಟು ಕೊಳೆಯಾದೀತು ಅಂತ ತುದಿಯಲ್ಲಿ ಕೂತ ಪಾಪ.

ಇಳಿಜಾರಿನ ನಡುವೆ ಸಾಹೇಬರು "ನಿಲ್ಲಿಸು" ಅಂದರು. ಈ ಸಲ ನಾನು ನಿಜವಾಗಿಯೂ ಹಲ್ಲು ಕಚ್ಚಿ ತುಳಿದೆ. ಗಾಡಿ ಹೋಗುತ್ತಲೇ ಇತ್ತು. ಗೇರು ಕಿರಗುಟ್ಟಿತು, ಹಳ್ಳ ಹತ್ತಿರ ಹತ್ತಿರ ಬಂತು. ಹಿಂದಿನಿಂದ "ನಿಲ್ಸಲೇ! ಮರುಳಾ, ನಿಲ್ಸಲೇ!" ಅಂತ ಕ್ಯಾತಣ್ಣ ಕಿರುಚುತ್ತಿದ್ದ. ಅವನ ಕೈ ಸೀಟಿನ ಕೆಳಗೆಲ್ಲ ದಿಮ್ಮಿಗಾಗಿ ತಡಕಾಡುತ್ತಿತ್ತಂತೆ, ಸಾಹೇಬರು ಆಮೇಲೆ ಹೇಳಿದರು. ಮೋಟಾರು ಮರಳಿಗೆ ನುಗ್ಗಿ, ಮೂತಿ ಹೂತು ನಿಂತಿತು.

ಯಾರಿಗೂ ಏನೂ ಆಗಲಿಲ್ಲ. ಸಾಹೇಬರು ಧೂಳು ಕೊಡವಿಕೊಂಡು, ಬ್ರೇಕು ಹಾಕಿಸುವ ತನಕ ಈ ಗಾಡಿ ಒಂದು ಗೇಣೂ ಕದಲಬಾರದು ಅಂತ ಬರೆದರು. ಅದು ಎರಡು ತಿಂಗಳು ಕದಲಲಿಲ್ಲ. ಮದ್ರಾಸಿನಿಂದ ಸಾಮಾನು ಬಂತು, ಕ್ಯಾತಣ್ಣನ ಕೆಲಸ ಹೋಯಿತು, ಮಾಲೀಕರು ಕರಿಯಕ್ಕನಿಗೆ ಮನಸಾರೆ ಶಾಪ ಹಾಕಿದರು. ಅದೆಲ್ಲ ಆಮೇಲಿನದು.

ಆ ಹೊತ್ತು ಮಾತ್ರ ಗಾಡಿ ಎಳೆಯಲು ಎತ್ತು ಬರಲಿ ಅಂತ ನಾವು ಹಳ್ಳದ ದಂಡೆಯಲ್ಲಿ ಕೂತಿದ್ದೆವು. ಇಳಿಜಾರಿನುದ್ದಕ್ಕೂ ಗಾಡಿಯ ಹಿಂದೆ ಓಡಿಬಂದಿದ್ದ ಕರಿಯಕ್ಕ ಗಂಡನ ಬೆನ್ನಿಗೆ ಎರಡು ಗುದ್ದು ಗುದ್ದಿ, ಪಕ್ಕದಲ್ಲಿ ಕೂತು ಅಳುತ್ತಿದ್ದಳು.

"ಹೊರಗೆ ಓಡುವಾಗ ಭಯ ಅಂದ್ರೇನು ಅಂತ ಗೊತ್ತಿರ್ಲಿಲ್ಲ ಕಣಲೇ" ಅಂದ ಕ್ಯಾತಣ್ಣ. "ಕೈಯಾಗೆ ಕೆಲ್ಸ ಇರ್ತಿತ್ತು. ಒಳಗೆ ಕುಂತ್ರೆ ಜೀವ ಬಾಯಿಗೆ ಬರ್ತೈತೆ. ದಿನಾ ಹಿಂಗೇ ಕುಂತಿರ್ತಿದ್ದೇನಲೇ ನೀನು?"

ಅವನಿಗೆ ಸಮಾಧಾನವಾಗಲಿ ಅಂತಲೇ ನಿಜ ಹೇಳಿದೆ. "ಇಲ್ಲ ಕಣೋ. ನನಗೆ ಯಾವತ್ತೂ ಭಯ ಆಗ್ಲಿಲ್ಲ. ಹಿಂದೆ ನೀನಿರ್ತಿದ್ದೆ."

ಅವನು ಬಗ್ಗಿ, ಬಿಚ್ಚಿದ್ದ ಬಟ್ಟೆಯನ್ನು ಮತ್ತೆ ಕಾಲಿಗೆ ಸುತ್ತತೊಡಗಿದ.

"ನನ್ ಹಿಂದೆ ಯಾರಿರ್ತಿದ್ರಲೇ?" ಅಂದ.

ಸಿಟ್ಟಿನಿಂದ ಕೇಳಲಿಲ್ಲ, ಸುಮ್ಮನೆ ಕೇಳಿದ. ನಾನಂತೂ ಇರಲಿಲ್ಲ.